ಬಿಳಿ ಶಾರ್ಕೂ ವೇಮಗಲ್ ಕೆರೆಯೂ

ಪರ್ತ್‌ನಲ್ಲಿರುವ ಅಕ್ಕನ ಮಗನಿಗೆ ಸಮುದ್ರಕ್ಕೆ ಧುಮುಕಿ ಈಟಿಯಿಂದ ಮೀನು ಹೊಡೆಯುವ ಹುಚ್ಚು. ಆ ಕಡೆ ಇಪ್ಪತ್ತಡಿವರೆಗೆ ಬೆಳೆಯುವ ಬಿಳಿ ಶಾರ್ಕ್‌ಗಳಿವೆ. ಸಮುದ್ರವೇ ಇಲ್ಲದ ವೇಮಗಲ್‌ನಲ್ಲಿ ನಿದ್ದೆಗೆಟ್ಟವನು ನಾನು.

"ಮಾವ, ಹೊಡೆದ ಮೀನನ್ನ ಸೊಂಟಕ್ಕೆ ಕಟ್ಕೋಬಾರದು, ರಕ್ತದ ವಾಸನೆಗೆ ಬರುತ್ತೆ. ಬಂದರೆ ಬೆನ್ನು ತೋರಿಸಬಾರದು, ಅದನ್ನೇ ದಿಟ್ಟಿಸ್ತಾ ಮೆಲ್ಲಗೆ ದೋಣಿ ಸೇರಬೇಕು" ಎಂದು ಫೋನಿನಲ್ಲೇ ಪಾಠ ಮಾಡಿದ. ನಾನೂ ಶ್ರದ್ಧೆಯಿಂದ ಕಲಿತೆ. 2018ರಿಂದ ನಮ್ಮ ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿಯುತ್ತಿದೆ. ಬೆಂಗಳೂರಿನಿಂದ ನೀರಿನ ಜೊತೆ ಇನ್ನೇನು ಬರುತ್ತದೋ ಯಾರು ಕಂಡರು?

ಮೊನ್ನೆ ಕಟ್ಲಾ ಮೀನು ಕೊಂಡು ಕೆರೆ ಏರಿಯ ಮೇಲೆ ಬರುವಾಗ ಚೀಲವನ್ನು ಮೈಯಿಂದ ಮೊಳ ದೂರ ಹಿಡಿದು, ನೀರಿಗೆ ಬೆನ್ನು ತೋರಿಸದೆ ಏಡಿಯಂತೆ ಅಡ್ಡಡ್ಡ ನಡೆದೆ. ಎಮ್ಮೆ ತೊಳೆಯುತ್ತಿದ್ದವನು, "ಏನ್ ಸ್ವಾಮಿ, ಸೊಂಟ ಹಿಡ್ಕೊಂಡೈತಾ?" ಅಂದ.

ಹೂಂ ಅಂದೆ. ವಿವರಿಸುವುದಕ್ಕಿಂತ ಅದೇ ಸುಲಭ.