ಖಾಲಿ ಇದ್ದೂ ಸಾಲದ ಮೆಮೊರಿ

ಸರ್ವರ್ ತೊಂದರೆ ಕೊಟ್ಟಿತು ಅಂದ ಕೂಡಲೇ ‘ಇನ್ನಷ್ಟು ಮೆಮೊರಿ ಹಾಕಿಸಬಾರದೇ?’ ಅಂತ ಎಲ್ಲರೂ ಕೇಳ್ತಾರೆ, ಮೇಷ್ಟ್ರೇ. ನೀವೂ ಅದನ್ನೇ ಕೇಳಿದ್ರಿ. ಆದರೆ ಎಷ್ಟೋ ಸಲ ಮೆಮೊರಿ ಕಡಿಮೆ ಇರೋದಿಲ್ಲ, ಚೂರುಚೂರಾಗಿರುತ್ತೆ.

ಒರಾಕಲ್ ಡೇಟಾಬೇಸಿನಲ್ಲಿ ಶೇರ್ಡ್ ಪೂಲ್ ಅಂತ ಒಂದು ಜಾಗ ಇದೆ. ಬಂದ ಎಸ್‌ಕ್ಯೂಎಲ್ ಪ್ರಶ್ನೆಗೆ ಉತ್ತರ ತೆಗೆಯೋ ದಾರಿಯನ್ನು ಸರ್ವರ್ ಅಲ್ಲಿ ಇಟ್ಟುಕೊಳ್ಳುತ್ತೆ. ಅದೇ ಪ್ರಶ್ನೆ ಯಾರೇ ಕೇಳಲಿ, ಅದೇ ದಾರಿ. ಈ ಪೂಲ್ ಹದಗೆಟ್ಟಾಗ ಬರೋ ಎರರ್ ‘ಓಆರ್‌ಎ-04031’. ಕೇಳಿದ್ದು ಬರೀ ನಾಲ್ಕೈದು ಸಾವಿರ ಬೈಟ್, ಲೆಕ್ಕದಲ್ಲಿ ಖಾಲಿ ಇರೋದು ಎಷ್ಟೋ ಎಂಬಿ. ಆದರೂ ಕೊಡೋಕಾಗಲ್ಲ ಅನ್ನುತ್ತೆ. ಬಸ್ಸಿನಲ್ಲಿ ಹತ್ತು ಸೀಟು ಖಾಲಿ ಇದ್ದರೂ ಒಂದೊಂದು ಒಂದೊಂದು ಮೂಲೆಯಲ್ಲಿದ್ದರೆ ಮನೆಮಂದಿ ಒಟ್ಟಿಗೆ ಕೂರೋಕಾಗುತ್ತಾ? ಇಲ್ಲೂ ಬೇಕಾದದ್ದು ಒಂದೇ ಕಡೆ ಸೇರಿರೋ ಜಾಗ.

ಹಾಗಾಗಿ ‘ವಿ-ಡಾಲರ್-ಎಸ್‌ಜಿಎ-ಸ್ಟ್ಯಾಟ್’ ಅನ್ನೋ ಒರಾಕಲ್ ಪಟ್ಟಿ ತೋರಿಸೋ ಖಾಲಿ ಮೆಮೊರಿಯ ಮೊತ್ತ ಒಂದನ್ನೇ ನಂಬಬಾರದು. ದೊಡ್ಡ ತುಂಡು ಕೇಳೋರಿಗೆ ಅಂತ ಪೂಲಿನ ಶೇ. 5ರಷ್ಟನ್ನು ಸಾಮಾನ್ಯವಾಗಿ ಮೀಸಲಿಟ್ಟಿರುತ್ತೆ. 4,400 ಬೈಟಿಗಿಂತ ದೊಡ್ಡದು ಬೇಕಾದಾಗ ಆ ಮೀಸಲು ನೆರವಿಗೆ ಬರುತ್ತೆ. ಅಲ್ಲೂ ಎಷ್ಟು ಸಲ ಇಲ್ಲ ಅಂದಿದೆ, ಕೊನೆಗೆ ಇಲ್ಲ ಅಂದ ತುಂಡಿನ ಅಳತೆ ಎಷ್ಟು ಅನ್ನೋದನ್ನ ‘ವಿ-ಡಾಲರ್-ಶೇರ್ಡ್-ಪೂಲ್-ರಿಸರ್ವ್ಡ್’ ಹೇಳುತ್ತೆ. ದೊಡ್ಡ ಸರ್ವರ್‌ಗಳಲ್ಲಿ ಪೂಲ್ 7 ಭಾಗಗಳವರೆಗೆ ಒಡೆದಿರಬಹುದು. ಒಂದು ತುಂಬಿ ಪಕ್ಕದ್ದು ಖಾಲಿ ಇದ್ದರೂ ಎರರ್ ಬರಬಹುದು. ತುಂಡುತುಂಡನ್ನೂ ಎಣಿಸಿ ಕೊಡೋ ‘ಎಕ್ಸ್-ಡಾಲರ್-ಕೆಎಸ್‌ಎಂಎಸ್‌ಪಿ’ಯೂ ಇದೆ. ಆದರೆ ಜನ ವ್ಯವಹಾರ ಮಾಡ್ತಿರೋ ಹೊತ್ತಲ್ಲಿ ಅದನ್ನ ಮುಟ್ಟಲೇಬಾರದು. ಅದು ಪೂಲಿನ ಲ್ಯಾಚ್, ಅಂದರೆ ಒಳಗಿನ ಚಿಲಕ, ಹಿಡಿದು ಕೂತರೆ ಎಲ್ಲರೂ ಕಾಯಬೇಕು.

ಚೂರಾಗಿದೆ ಅಂತ ತಿಳಿದ ಮೇಲೆ, ಚೂರು ಮಾಡಿದ್ದು ಏನು ಅಂತ ಹುಡುಕಬೇಕು. ಬಹಳ ಸಲ ಅದು ಪ್ರೋಗ್ರಾಮ್ ಬರೆದ ರೀತಿ. ಖಾತೆ ನಂಬರ್ 1001, 1002 ಅಂತ ಪ್ರಶ್ನೆಯೊಳಗೇ ಅಂಟಿಸಿ ಕಳಿಸಿದರೆ ಸರ್ವರಿಗೆ ಪ್ರತಿಯೊಂದೂ ಹೊಸ ಪ್ರಶ್ನೆ, ಪ್ರತಿಯೊಂದಕ್ಕೂ ಹೊಸ ಜಾಗ. ‘ವಿ-ಡಾಲರ್-ಎಸ್‌ಕ್ಯೂಎಲ್’ನಲ್ಲಿ ‘ಫೋರ್ಸ್ ಮ್ಯಾಚಿಂಗ್ ಸಿಗ್ನೇಚರ್’ ಪ್ರಕಾರ ಗುಂಪು ಮಾಡಿ ನೋಡಿದರೆ ಒಂದೇ ಪ್ರಶ್ನೆಯ ಸಾವಿರಾರು ನಕಲು ಸಿಕ್ಕಿಬೀಳುತ್ತವೆ.

ಪೂಲನ್ನು ಫ್ಲಶ್ ಮಾಡಿ ಖಾಲಿ ಮಾಡಿದರೆ ತಾತ್ಕಾಲಿಕ ಸಮಾಧಾನ, ಆಮೇಲೆ ಎಲ್ಲ ಪ್ರಶ್ನೆಗಳನ್ನೂ ಮತ್ತೆ ಮೊದಲಿಂದ ಪಾರ್ಸ್ ಮಾಡಿ ದಾರಿ ಹುಡುಕೋ ಭಾರ. ‘ಕರ್ಸರ್ ಶೇರಿಂಗ್’ ಅನ್ನೋ ಸೆಟ್ಟಿಂಗನ್ನು ‘ಫೋರ್ಸ್’ಗೆ ಇಟ್ಟರೆ ಕಾಲ ತಳ್ಳಬಹುದು. ಬರೀ ಮೆಮೊರಿ ಹೆಚ್ಚಿಸಿದರೆ ಚೂರಾಗೋಕೆ ಇನ್ನಷ್ಟು ಜಾಗ ಕೊಟ್ಟಂಗೆ. ನಿಜವಾದ ಮದ್ದು ಬೈಂಡ್ ವೇರಿಯಬಲ್: ಪ್ರಶ್ನೆ ಒಂದೇ, ನಂಬರ್ ಮಾತ್ರ ಬೇರೆಯಾಗಿ ಬರುತ್ತೆ.

ನಿಮ್ಮ ಮೊಮ್ಮಗಳು ಕೋಡಿಂಗ್ ಕಲೀತಿದ್ದಾಳಲ್ಲ, ಮೊದಲ ದಿನದಿಂದಲೇ ಈ ಅಭ್ಯಾಸ ಮಾಡಿಕೊಳ್ಳೋಕೆ ಹೇಳಿ, ಮೇಷ್ಟ್ರೇ. ಸರ್ವರ್ ಉಳಿಯುತ್ತೆ, ಎಸ್‌ಕ್ಯೂಎಲ್ ಇಂಜೆಕ್ಷನ್ ಮಾಡೋ, ಅಂದರೆ ಪ್ರಶ್ನೆಯೊಳಗೆ ತಮ್ಮ ಆಜ್ಞೆ ತೂರಿಸೋ ಕಳ್ಳರಿಗೂ ಅದೇ ಬಾಗಿಲು ಹಾಕುತ್ತೆ.