ಗ್ರಾಮೀಣ ಕೃಷಿ ಕಾರ್ಯಾನುಭವದಲ್ಲಿ ಹುಮ್ಮಸ್ಸಿನ ಏರಿಳಿತ: ಕೊಪ್ಪಳ ಸೀಮೆಯನ್ನು ಅನುಲಕ್ಷಿಸಿ ಒಂದು ಮಹಾಪ್ರಬಂಧ

ಬಿಎಸ್ಸಿ ಕೃಷಿಯ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಹಳ್ಳಿಯಲ್ಲಿ ಬಿಟ್ಟು ಬರುವ ಪದ್ಧತಿಗೆ 'ಗ್ರಾಮೀಣ ಕೃಷಿ ಕಾರ್ಯಾನುಭವ' ಎಂದು ಹೆಸರು, ಬಾಯಿಮಾತಿನಲ್ಲಿ 'ರಾವೆ'. 2015ರಲ್ಲಿ ಬಂದ 'ಸ್ಟೂಡೆಂಟ್ ರೆಡಿ' ಯೋಜನೆಯೊಳಗೆ ಇದೂ ಸೇರಿದೆ. ಕೃಷಿ ಪದವಿಗೆಂದು ಡೀನರ ಐದನೇ ಸಮಿತಿ ರೂಪಿಸಿದ ಪಠ್ಯಕ್ರಮದಲ್ಲಿ ಇದಕ್ಕೆ ಪ್ರಾಕ್ಟಿಕಲ್ 20 ಕ್ರೆಡಿಟ್, ಥಿಯರಿ ಸೊನ್ನೆ. ಆ ಥಿಯರಿಯ ಕೊರತೆ ನೀಗಿಸಲೆಂದೇ ಈ ಪ್ರಬಂಧ ಹುಟ್ಟಿದೆ.

ಪ್ರಥಮ ಸೂತ್ರ: ವಿದ್ಯಾರ್ಥಿಯ ಹುಮ್ಮಸ್ಸು ಮೇಷ್ಟ್ರ ಜೀಪಿನ ದೂರಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ದಾರಿಯಲ್ಲಿ ಧೂಳೆದ್ದದ್ದು ಕಂಡೊಡನೆ ಬೀಜೋಪಚಾರ ಶುರು. ಬ್ಯಾನರ್ ಕಟ್ಟಿದ ಮೇಲೆಯೇ ಕಡಲೆ ಬೀಜಕ್ಕೆ ಬೆಲ್ಲದ ಪಾಕ, ರೈಜೋಬಿಯಂ ತಾಗುತ್ತವೆ. ಫೋಟೊ ಆದೊಡನೆ ಬೀಜ ಚೀಲಕ್ಕೆ, ಹುಡುಗರು ನೆರಳಿಗೆ.

ಗಂಗಾವತಿಯ ಭತ್ತದ ಗದ್ದೆಯಲ್ಲಿ ಒಂದು ಉಪಸೂತ್ರ ಬೇಕಾಗುತ್ತದೆ. ಕೆಸರು ಮೊಣಕಾಲು ಮುಟ್ಟಿದರೆ ಪ್ರೇರಣೆ ಇಳಿಯುತ್ತದೆ, ಮೊಬೈಲ್ ಹಿಡಿದ ಕೈ ಏರುತ್ತದೆ. ನಾಟಿಯ ಹೆಣ್ಣಾಳುಗಳು ಹಿಂದಕ್ಕೆ ಸರಿಯುತ್ತಲೇ ಇವರಿಗಿಂತ ಎಷ್ಟೋ ಮುಂದಿರುತ್ತಾರೆ. ಕುಷ್ಟಗಿಯ ಮಸಾರಿ ಹೊಲದಲ್ಲಿ ರೈತ ಮುಗಿಲು ನೋಡುತ್ತಾನೆ, ವಿದ್ಯಾರ್ಥಿ ಬಸ್ಸಿನ ದಾರಿ ನೋಡುತ್ತಾನೆ. 'ತಲ್ಲೀನತೆ' ಕಾಲಂನಲ್ಲಿ ಇಬ್ಬರಿಗೂ ಪೂರ್ಣ ಅಂಕ.

ಇಷ್ಟು ಚೆಂದದ ಸಿದ್ಧಾಂತವನ್ನು ಕೆಡಿಸುವುದು ರಂಗೋಲಿ ನಕ್ಷೆ. ಹಳ್ಳಿಯ ಸಮೀಕ್ಷೆಗೆಂದು ಗುಡಿಯ ಮುಂದಿನ ನೆಲದ ಮೇಲೆ ಬಣ್ಣದ ಪುಡಿಯಲ್ಲಿ ಊರು ಬಿಡಿಸುತ್ತಾರೆ: ಹೊಲಕ್ಕೆ ಹಸಿರು, ಹಳ್ಳಕ್ಕೆ ನೀಲಿ. ಯಲಬುರ್ಗಾ ಕಡೆಯ ಊರೊಂದರಲ್ಲಿ ಅಜ್ಜಿಯೊಬ್ಬಳು ಬಂದು ನಿಂತಳೆಂದು ಇಟ್ಟುಕೊಳ್ಳೋಣ.

"ಯಪ್ಪಾ, ನಮ್ಮನಿ ಎಲ್ಲೈತಿ? ಹಳ್ಳದಾಗ ತೇಲಿಬಿಟ್ಟೀರೇನು?"

"ಇಲ್ಲಬೇ ಯಮ್ಮಾ, ಈಗ ಹಾಕ್ತೀವಿ."

"ಬಾಜೂಕ ಬಾವಿನೂ ಹಾಕ್ರಿ. ನೀರಿಲ್ಲ, ಆದ್ರ ಬಾವಿ ಐತಿ."

ಬೆಳಗಿನಿಂದ ಆಕಳಿಸುತ್ತಿದ್ದವನು ಮಂಡಿಯೂರಿ ಹಳ್ಳವನ್ನು ಅಳಿಸತೊಡಗುತ್ತಾನೆ. ಬತ್ತಿದ ಬಾವಿಗೆ ಯಾವ ಬಣ್ಣ ಎಂದು ಗೆಳೆಯರಲ್ಲಿ ವಾದ ಹತ್ತುತ್ತದೆ. ನೀರು ಯಾವ ವರ್ಷ ನಿಂತಿತೆಂದು ಊರವರೂ ಬಾಯಿ ಹಾಕುತ್ತಾರೆ. ಊಟದ ಹೊತ್ತು ಮೀರುತ್ತದೆ. ಜೀಪಿನ ಸುಳಿವಿಲ್ಲ, ಬ್ಯಾನರ್ ಇನ್ನೂ ಸುತ್ತಿಟ್ಟಲ್ಲೇ ಇದೆ. ಪ್ರೇರಣಾಶಾಸ್ತ್ರದ ಯಾವ ಅಧ್ಯಾಯದಲ್ಲೂ ಈ ಅಜ್ಜಿಗೆ ಜಾಗವಿಲ್ಲದ್ದರಿಂದ ಪ್ರಬಂಧಕಾರನಿಗೆ ಬಹಳ ಮುಜುಗರವಾಗಿದೆ.

ಆದಕಾರಣ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಬಿನ್ನಹ: ರಾವೆಯ ಮೌಲ್ಯಮಾಪನಕ್ಕೆ ಊರಿಗೊಬ್ಬ ಅಜ್ಜಿಯನ್ನು ಬಾಹ್ಯ ಪರೀಕ್ಷಕಿಯಾಗಿ ನೇಮಿಸಬೇಕು. ಪ್ರಯಾಣ ಭತ್ಯೆಯ ಖರ್ಚಿಲ್ಲ, ಆಕೆ ಅಲ್ಲೇ ಇರುತ್ತಾಳೆ.