ನಡುದಾರಿಯಲ್ಲಿ ಕೈಬಿಡುವ ಪಾಲಿಸಿ: ಕೊಳ್ಳುವವರ ಕೈಪಿಡಿ

ವಿಮೆಯ ಕಾಗದದಲ್ಲಿ ‘ರೋಡ್‌ಸೈಡ್ ಅಸಿಸ್ಟೆನ್ಸ್’ ಎಂಬ ಸಾಲಿನ ಮುಂದೆ ಚೌಕವೊಂದು ಖಾಲಿ ಇದೆ. ಏಜೆಂಟರು ಪೆನ್ನು ಹಿಡಿದು ನಿಮ್ಮ ಮುಖ ನೋಡುತ್ತಿದ್ದಾರೆ. ಗಡಿಬಿಡಿ ಬೇಡ. ಹೊಸಪೇಟೆ ಸುತ್ತಿನ ರಸ್ತೆಗಳಲ್ಲಿ ಅಚ್ಚುಕಟ್ಟಾಗಿ ಸಿಕ್ಕಿಬೀಳುವ ತಯಾರಿ ಇಲ್ಲಿಂದಲೇ ಶುರುವಾಗಬೇಕು.

ಮೊದಲು ಬೆಲೆ ನೋಡಿ. ಬೆಲೆಯನ್ನಷ್ಟೇ ನೋಡಿ. 1988ರ ಮೋಟಾರು ವಾಹನ ಕಾಯ್ದೆ ಕೇಳುವುದು ಥರ್ಡ್ ಪಾರ್ಟಿ ವಿಮೆಯನ್ನು. ಅಷ್ಟನ್ನೇ ಮಾಡಿಸಿ, ‘ಇನ್ಶೂರೆನ್ಸ್ ಐತಲ್ಲ, ಎಲ್ಲಾ ಬರ್ತೈತಿ’ ಎಂದು ಮನೆಯವರಿಗೆ ಹೇಳಿ. ದಾರಿಯ ನೆರವು ಸಾಮಾನ್ಯವಾಗಿ ಸ್ವಂತ ಹಾನಿಯ ವಿಮೆಗೆ ಮೇಲೆ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಆ್ಯಡ್-ಆನ್ ಎಂಬುದು ಅವರಿಗೆ ತಾನಾಗಿಯೇ ತಿಳಿಯಲಿ. ಅದಕ್ಕೆ ಏಪ್ರಿಲ್ ತಿಂಗಳ ಮಧ್ಯಾಹ್ನ 2 ಗಂಟೆ ಪ್ರಶಸ್ತ.

ಕೈಯಲ್ಲಿ ದುಡ್ಡು ಓಡಾಡುವವರು ತದ್ವಿರುದ್ಧ ಮಾಡಿ. ಕಾರಿನ ಕಂಪನಿಯ ವಾರಂಟಿ ಜೊತೆಗೇ ಈ ನೆರವು ಬಂದಿದ್ದರೂ ವಿಮೆಯಲ್ಲಿ ಇನ್ನೊಂದು, ಮೊಬೈಲಿನಲ್ಲಿ ಮತ್ತೊಂದು ಕೊಳ್ಳಿ. ಮೂರರ ನಂಬರನ್ನೂ ಎಲ್ಲಿಯೂ ಬರೆದಿಡಬೇಡಿ.

ಏಜೆಂಟರನ್ನು ಏನೂ ಕೇಳಬೇಡಿ. ಸಂಡೂರಿಗೆ ಟೋಯಿಂಗ್ ಗಾಡಿ ಯಾವ ಊರಿನಿಂದ ಬರುತ್ತದೆ, ಎಷ್ಟು ಕಿಲೋಮೀಟರ್ ತನಕ ಪುಕ್ಕಟೆ, ವರ್ಷಕ್ಕೆ ಎಷ್ಟು ಸಲ ಕರೆಯಬಹುದು, ಇವೆಲ್ಲ ಅನುಮಾನದ ಜನರ ಪ್ರಶ್ನೆಗಳು. ಪಾಪ, ಅವರು ಚಹಾ ಬೇರೆ ತರಿಸಿದ್ದಾರೆ.

ಪಾಲಿಸಿ ಕೈಗೆ ಬಂತು. ಇನ್ನು ಡಿಕ್ಕಿ. ಸ್ಟೆಪ್ನಿಯ ಗಾಳಿ ನೋಡಲೇಬೇಡಿ. ಟೈರು ಬದಲಿಸಲು ಬರುವ ಹುಡುಗ ಬದಲಿಸುವುದು ನಿಮ್ಮದೇ ಸ್ಟೆಪ್ನಿಯನ್ನು; ಅವನು ಟೈರು ಹೊತ್ತು ತರುವುದಿಲ್ಲ. ಯಾರಾದರೂ ಬೈದರೆ ಅಣೆಕಟ್ಟಿನ ಕಡೆ ಕೈ ತೋರಿಸಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟಿನ ಚೈನು ಕಿತ್ತು, ಗೇಟೇ ಕೊಚ್ಚಿಹೋಯಿತು. 33 ಗೇಟುಗಳ ಅಷ್ಟು ದೊಡ್ಡ ಜಲಾಶಯಕ್ಕೇ ಸ್ಟೆಪ್ನಿ ಇರಲಿಲ್ಲ. ಆಮೇಲೆ ಸ್ಟಾಪ್‌ಲಾಗ್ ಮಾಡಿಸಿ ಇಳಿಸಿದರು. ನಿಮ್ಮ ಸಣ್ಣ ಕಾರಿಗೆ ಅದೆಲ್ಲ ಯಾಕೆ?

ನಿಲ್ಲುವ ಜಾಗವನ್ನೂ ಯೋಚಿಸಿ ಆರಿಸಿ. ಹೊಸಪೇಟೆಯನ್ನು ದಾಟುವ 50 ಮತ್ತು 67ನೇ ರಾಷ್ಟ್ರೀಯ ಹೆದ್ದಾರಿಗಳು ಅಪಾಯಕಾರಿ: ಅಲ್ಲಿ 1033ಕ್ಕೆ ಫೋನ್ ಮಾಡಿದರೆ, ಪಾಲಿಸಿ ಇಲ್ಲದವರಿಗೂ ಹೆದ್ದಾರಿ ಪ್ರಾಧಿಕಾರದವರು ಗಸ್ತಿನ ಗಾಡಿಯನ್ನೋ ಕ್ರೇನನ್ನೋ ಕಳಿಸಿಬಿಟ್ಟಾರು. ಆದ್ದರಿಂದ ಸಂಡೂರಿನ ಕಡೆ ತಿರುಗಿಸಿ. ಅದಿರು ಲಾರಿಗಳ ಹಿಂದೆ ಹತ್ತು ನಿಮಿಷ ಕೆಂಪು ಧೂಳು ಕುಡಿದ ಮೇಲೆ ಬೇಸರ ಬಂದೇ ಬರುತ್ತದೆ. ಆಗ ಗಣಿಯ ಒಳದಾರಿಗೆ ಇಳಿಸಿ. ರಸ್ತೆ ಎನ್ನಬಹುದಾದ ರಸ್ತೆಯಲ್ಲಿ ನಿಂತ ಗಾಡಿಗೆ ಮಾತ್ರ ನೆರವು ಎಂದು ಪಾಲಿಸಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಓದಬೇಡಿ, ಕಣ್ಣು ಹಾಳಾದೀತು.

ಹಂಪಿಗೆ ಹೋಗುವವರು ವಿಠ್ಠಲ ಗುಡಿಯ ಪಾರ್ಕಿಂಗಿನಲ್ಲಿ ಕೀಲಿಯನ್ನು ಒಳಗೇ ಬಿಟ್ಟು ಬಾಗಿಲು ಹಾಕಿ, ಬ್ಯಾಟರಿ ಗಾಡಿ ಹತ್ತಿ. ಇನ್ನೊಂದು ಕೀಲಿ ಹೊಸಪೇಟೆಯ ಮನೆಯ ಮೊಳೆಗೆ ನೇತಾಡುತ್ತಿರಲಿ.

ಈಗ ಫೋನು. ಕಾಲ್ ಸೆಂಟರಿನ ಹುಡುಗಿ ‘ಎಲ್ಲಿದ್ದೀರಿ ಸರ್’ ಎಂದರೆ ಲೊಕೇಶನ್ ಕಳಿಸಬೇಡಿ, ಊರಿನ ಹೆಸರನ್ನೂ ಹೇಳಬೇಡಿ. 2021ರಿಂದ ನಮ್ಮದು ಬೇರೆ ಜಿಲ್ಲೆ. ಅದರ ಅಭಿಮಾನದಿಂದ ‘ವಿಜಯನಗರ’ ಎಂದಷ್ಟೇ ಹೇಳಿ. ಅರ್ಧ ಗಂಟೆಯಲ್ಲಿ ಟೋಯಿಂಗ್ ಗಾಡಿ ಬೆಂಗಳೂರಿನ ವಿಜಯನಗರದ ಮೆಟ್ರೋ ನಿಲ್ದಾಣದ ಕೆಳಗೆ ನಿಂತು ನಿಮಗೇ ಫೋನ್ ಮಾಡುತ್ತದೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿವೆ. ಅಲ್ಲಿ ನಿಂತಾಗಲೂ ವಿಜಯನಗರ ಎಂದೇ ಹೇಳಿದರೆ ಕೆಲಸ ಇನ್ನೂ ಹಗುರ.

ಫೋನನ್ನೇ ಮಾಡದಿರುವುದು ಮೇಲ್ಮಟ್ಟದ ಕಲೆ. ಕ್ಲೇಮ್ ಮಾಡದವರಿಗೆ ವರ್ಷ ವರ್ಷ ಶೇ 20ರಿಂದ 50ರವರೆಗೆ ಏರುವ ನೋ ಕ್ಲೇಮ್ ಬೋನಸ್ ನಿಮ್ಮ ಹೆಸರಲ್ಲಿದೆ. ಬ್ಯಾಟರಿಗೆ ಜಂಪ್ ಕೊಡಿಸಿಕೊಂಡರೆ ಅದು ಹೋಗುತ್ತದೆಂದು ನಂಬಿ. ಸಾಮಾನ್ಯವಾಗಿ ಹೋಗುವುದಿಲ್ಲ, ಆದರೆ ಬಿಸಿಲಲ್ಲಿ ನಿಂತು ದುಡ್ಡು ಉಳಿಸುತ್ತಿದ್ದೇನೆ ಎಂಬ ನೆಮ್ಮದಿ ಬೇರೆಲ್ಲಿ ಸಿಗುತ್ತದೆ?

ಕೊನೆಗೆ ಕಂಪ್ಲಿ. ಮಳೆಗಾಲಕ್ಕೆ ಕಾಯಿರಿ. ಜಲಾಶಯದಿಂದ ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ, ಪೊಲೀಸರು ಅಡ್ಡ ನಿಲ್ಲುತ್ತಾರೆ. ಅವರೊಂದಿಗೆ ವಾದ ಬೇಡ. ಹೊಲದ ಕಡೆಯ ತಗ್ಗು ರಸ್ತೆಯಲ್ಲಿ ಮೊಳಕಾಲುದ್ದ ನೀರು ಹುಡುಕಿ, ಇಳಿಸಿ. ಎಂಜಿನ್ ಕೆಮ್ಮಿ ನಿಂತ ಕೂಡಲೇ ಕೀಲಿ ತಿರುಗಿಸಿ. ಮತ್ತೆ ತಿರುಗಿಸಿ. ನೀರಲ್ಲಿ ಸ್ಟಾರ್ಟ್ ಮಾಡಿ ಕೆಡಿಸಿಕೊಂಡ ಎಂಜಿನ್ನಿಗೆ ಸಾಮಾನ್ಯ ವಿಮೆ ಕಾಸು ಕೊಡುವುದಿಲ್ಲ. ಅದಕ್ಕೆ ‘ಎಂಜಿನ್ ಪ್ರೊಟೆಕ್ಟ್’ ಎಂಬ ಬೇರೆ ಆ್ಯಡ್-ಆನ್ ಉಂಟು, ಅದನ್ನು ನೀವು ಬೆಲೆ ನೋಡಿಯೇ ಬಿಟ್ಟಿದ್ದೀರಿ.

ಅಷ್ಟರಲ್ಲಿ ಭತ್ತದ ಗದ್ದೆಯಿಂದ ಟ್ರ್ಯಾಕ್ಟರ್ ಬರುತ್ತದೆ. ಚಾಲಕರು ಇಳಿದು, ಹಗ್ಗ ಬಿಚ್ಚುತ್ತಾ, ‘ಎಳೀತೀನಿ ತಗೋರಿ ಸಾರ್, ಕೊಡೋದು ಕೊಡ್ರಿ’ ಎನ್ನುತ್ತಾರೆ. ವಿಮೆಯವರಿಗೆ ಮೊದಲೇ ಫೋನ್ ಮಾಡಿ ಒಪ್ಪಿಗೆ ಪಡೆಯುವ ಯೋಚನೆ ಬಿಡಿ. ಆದರೆ ವ್ಯವಹಾರ ವ್ಯವಹಾರವೇ: ಹಗ್ಗ ಕಟ್ಟುವ ಮೊದಲು ಜಿಎಸ್‌ಟಿ ನಂಬರ್ ಇರುವ ಬಿಲ್ಲು ಕೇಳಿ. ಅವರು ಹಗ್ಗ ಸುತ್ತಿ ಸೀಟಿನ ಕೆಳಗಿಟ್ಟು ಹೊರಟರೆ, ಹಿಂದಿನಿಂದ ಗಾಡಿ ನಂಬರ್ ಬರೆದುಕೊಳ್ಳಿ.